ಮರುಕಳಿಸುವ ಉರಿಮೂತ್ರ: ಗಂಡಹೆಂಡಿರಿಬ್ಬರೂ ತಿಳಿಯಬೇಕಾದ ಸಂಗತಿ

ಮನೆಮಂದಿಯೆಲ್ಲ ಓದುವ ಪತ್ರಿಕೆಯಲ್ಲಿ ಇಂತಹ ವಿಷಯವನ್ನು ಎತ್ತಬೇಕೇ ಎಂದು ಕೆಲವು ಹಿರಿಯರಿಗೆ ಅನಿಸಬಹುದು. ಕನ್ನಡಕ್ಕೆ ಇದೇನೂ ಹೊಸತಲ್ಲ. ವೈದ್ಯೆಯೂ ಕಾದಂಬರಿಕಾರ್ತಿಯೂ ಆಗಿದ್ದ ಡಾ. ಅನುಪಮಾ ನಿರಂಜನ ಅವರು 1991ರಲ್ಲಿ ತೀರಿಕೊಳ್ಳುವ ಎಷ್ಟೋ ಮೊದಲೇ ‘ದಾಂಪತ್ಯ ದೀಪಿಕೆ’, ‘ವಧುವಿಗೆ ಕಿವಿಮಾತು’ ಮುಂತಾದ ಪುಸ್ತಕಗಳ ಮೂಲಕ ದೇಹದ ಸಂಗತಿಗಳನ್ನು ತಿಳಿಗನ್ನಡದಲ್ಲಿ ಗೃಹಸ್ಥರ ಮುಂದಿಟ್ಟಿದ್ದರು. ಅವರು ತೆರೆದ ಬಾಗಿಲನ್ನು ಮತ್ತೆ ಮುಚ್ಚುವ ಅಗತ್ಯ ನಮಗೆ ಕಾಣದು.

ರಾಮನಗರದ ಸುತ್ತಿನ ಊರೊಂದರಿಂದ ಓದುಗರೊಬ್ಬರು ಹೆಸರು ಹಾಕದೆ ನಮಗೆ ಓಲೆ ಬರೆದಿದ್ದಾರೆ. ಮದುವೆಯಾಗಿ ಆರು ವರ್ಷವಾಗಿದೆ. ಕಳೆದ ಒಂದೂವರೆ ವರ್ಷದಲ್ಲಿ ನಾಲ್ಕು ಸಲ ಮೂತ್ರದ ಉರಿ ಬಂದು ಹೋಗಿದೆ. ಬೆಂಗಳೂರಿನಲ್ಲಿ ಮೂವರು ವೈದ್ಯರನ್ನು ಕಂಡಿದ್ದಾರೆ. ಮಾತ್ರೆ ನುಂಗಿದರೆ ವಾರದಲ್ಲಿ ಇಳಿಯುತ್ತದೆ. ತಿಂಗಳು, ಎರಡು ತಿಂಗಳಲ್ಲಿ ಮತ್ತೆ ಅದೇ ಕಥೆ. ಮನೆಯಾಕೆಗೆ ಒಂದು ಮಾತನ್ನೂ ಹೇಳಿಲ್ಲ. ಇದು ಆಕೆಯಿಂದ ತಮಗೆ ಬಂದಿತೋ, ತಮ್ಮಿಂದ ಆಕೆಗೆ ಹೋಗಿದೆಯೋ ಎಂಬ ಎರಡು ಪ್ರಶ್ನೆಗಳು ರಾತ್ರಿ ನಿದ್ದೆಗೆಡಿಸುತ್ತಿವೆ. ಎರಡನ್ನೂ ಕೇಳುವ ಧೈರ್ಯ ತಮಗಿಲ್ಲ ಎಂದಿದ್ದಾರೆ. ಈ ಓಲೆಗೆ ಉತ್ತರ ಕೊಡಲು ವಿಳಾಸವಿಲ್ಲ. ಇದೇ ತೊಳಲಾಟದಲ್ಲಿರುವ ಬೇರೆಯವರೂ ಇದ್ದಾರೆಂಬ ಅರಿವಿನಿಂದ ಇಲ್ಲಿಯೇ ಬರೆಯುತ್ತಿದ್ದೇವೆ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯಲ್ಲಿ ಮೂತ್ರ ಮಾಡುವಾಗ ಉರಿಯುತ್ತದೆ ಎಂದರೆ ಮೊದಲು ಸಿಗುವ ಉತ್ತರ ‘ಉಷ್ಣವಾಗಿದೆ’ ಎಂಬುದು. ಎಳನೀರು, ಬಾರ್ಲಿ ಗಂಜಿ, ಜೀರಿಗೆ ನೀರು, ತಿಳಿಮಜ್ಜಿಗೆ ಇವು ಮನೆಮನೆಯ ಮದ್ದು. ಇದರಲ್ಲಿ ಹುರುಳಿಲ್ಲವೆಂದು ನಾವು ಹೇಳಲಾರೆವು. ನೂಲು ಬಿಚ್ಚುವ ಫಿಲೇಚರಿನಲ್ಲಿ ಬಿಸಿನೀರಿನ ಹಬೆಯ ಮುಂದೆ ದಿನವಿಡೀ ನಿಲ್ಲುವವರು, ಬಂಡೆ ಒಡೆಯುವವರು, ಬಿಸಿಲಿನಲ್ಲಿ ಹಿಪ್ಪುನೇರಳೆ ಸೊಪ್ಪು ಕೊಯ್ಯುವವರು ಬೆವರಿಗೆ ತಕ್ಕಷ್ಟು ನೀರು ಕುಡಿಯದಿದ್ದರೆ ಮೂತ್ರ ಗಟ್ಟಿಯಾಗಿ, ಹಳದಿಯಾಗಿ, ಉರಿಯುವುದು ಸಹಜ. ಹೀಗೆಯೇ ವರ್ಷಗಟ್ಟಲೆ ನಡೆದರೆ ಮೂತ್ರದಲ್ಲಿ ಕಲ್ಲು ಕಟ್ಟುವುದೂ ಉಂಟು. ನೀರು ಕುಡಿದ ಮರುದಿನ ಮಾಯವಾಗುವ ಉರಿ ಉಷ್ಣದ್ದೇ ಇರಬಹುದು. ಆದರೆ ಬೆಳಿಗ್ಗೆ ಏಳುವಾಗ ಮೂತ್ರದ್ವಾರದಲ್ಲಿ ಅಂಟು ಕಾಣುವುದು, ಒಳಉಡುಪಿನಲ್ಲಿ ಕಲೆ, ಕೊಳವೆಯ ಒಳಗೆ ತುರಿಕೆ, ಹದಿನೈದು ದಿನವಾದರೂ ಬಿಡದ ಉರಿ, ಬಿಟ್ಟಂತಾಗಿ ಮತ್ತೆ ಹಿಡಿಯುವ ಉರಿ — ಇವು ಉಷ್ಣದ ಲಕ್ಷಣಗಳಲ್ಲ. ಮೂತ್ರಕೋಶದಿಂದ ಹೊರಕ್ಕೆ ಬರುವ ಕೊಳವೆಯಾದ ಮೂತ್ರನಾಳವೇ ಉರಿಯೂತಕ್ಕೆ ಒಳಗಾಗಿದೆ ಎಂದು ತಿಳಿಯಬೇಕು. ಇದಕ್ಕೆ ಎಷ್ಟು ಎಳನೀರು ಕುಡಿದರೂ ಸಾಲದು.

ನಮ್ಮ ಹಿರಿಯರು ಮೂತ್ರದ ಹಲವು ಕಾಯಿಲೆಗಳನ್ನು ‘ಮೇಹ’ ಎಂಬ ಒಂದೇ ಹೆಸರಿನಲ್ಲಿ ಕರೆಯುತ್ತಿದ್ದರು. ಇಂದು ಅವು ಬೇರೆ ಬೇರೆಯೆಂದು ತಿಳಿದಿದೆ. ಕೀವು ಸುರಿಸುವ ಗೊನೋರಿಯದ ಸೂಕ್ಷ್ಮಾಣುವನ್ನು 1879ರಲ್ಲಿಯೇ ಜರ್ಮನಿಯ ಆಲ್ಬರ್ಟ್ ನೈಸರ್ ಗುರುತಿಸಿದರು. ಅದಕ್ಕಿಂತ ಮೆಲ್ಲಗೆ, ತೆಳುವಾದ ಅಂಟು ಮತ್ತು ಸಣ್ಣ ಉರಿಯೊಡನೆ ಬರುವ ಕಾಯಿಲೆಗೆ ಕ್ಲಮೀಡಿಯ ಎಂಬ ಜೀವಿ ಅನೇಕ ವೇಳೆ ಕಾರಣ. ಮೈಕೋಪ್ಲಾಸ್ಮ ಜೆನಿಟಾಲಿಯಂ ಎಂಬ ಇನ್ನೊಂದು ಅತಿಸೂಕ್ಷ್ಮ ಜೀವಿಯನ್ನು ಲಂಡನ್ನಿನಲ್ಲಿ ಇಂಥದೇ ಉರಿಯೂತವಿದ್ದ ಇಬ್ಬರು ಗಂಡಸರಲ್ಲಿ ಮೊದಲು ಕಂಡದ್ದು 1980ರಲ್ಲಿ. ಇವೆಲ್ಲ ದೇಹಸಂಬಂಧದಿಂದ ಹರಡತಕ್ಕವು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಕ್ಲಮೀಡಿಯದ ಹೊಸ ಸೋಂಕುಗಳು 12 ಕೋಟಿ 90 ಲಕ್ಷ, ಗೊನೋರಿಯದವು 8 ಕೋಟಿ 20 ಲಕ್ಷ. ಇಷ್ಟು ಜನರನ್ನೆಲ್ಲ ದುರ್ನಡತೆಯವರೆಂದು ಒಂದೇ ಬೀಸಿನಲ್ಲಿ ತಳ್ಳಿಹಾಕುವುದು ವಿವೇಕವಲ್ಲ. ಇವರಲ್ಲಿ ತಮ್ಮ ಮನೆಯ ಹೊಸ್ತಿಲು ದಾಟದೆಯೇ ಸೋಂಕು ಪಡೆದ ಗೃಹಿಣಿಯರೂ ಇದ್ದಾರೆ.

ಹಾಗಾದರೆ ಔಷಧಿ ತೆಗೆದುಕೊಂಡರೂ ಏಕೆ ಮತ್ತೆ ಬರುತ್ತದೆ? ಓಲೆ ಬರೆದ ಮಹನೀಯರ ವಿಷಯದಲ್ಲಿ ನಮಗೆ ತೋರುವ ಮೊದಲ ಕಾರಣ ಅವರ ಓಲೆಯಲ್ಲಿಯೇ ಇದೆ: ಔಷಧಿ ತೆಗೆದುಕೊಂಡವರು ಅವರೊಬ್ಬರೇ. ಕ್ಲಮೀಡಿಯ ಹೊಕ್ಕ ಹೆಂಗಸರಲ್ಲಿ ಬಹುಪಾಲು ಮಂದಿಗೆ ಯಾವ ಲಕ್ಷಣವೂ ಕಾಣುವುದಿಲ್ಲ. ಗಂಡಸರಲ್ಲಿಯೂ ಅನೇಕರಿಗೆ ಕಾಣದು. ಗಂಡನು ಗುಟ್ಟಾಗಿ ಗುಣವಾಗುತ್ತಾನೆ. ನೋವಿಲ್ಲದ ಹೆಂಡತಿಯಲ್ಲಿ ಸೋಂಕು ಹಾಗೆಯೇ ಉಳಿದಿರುತ್ತದೆ. ದಾಂಪತ್ಯ ಎಂದಿನಂತೆ ನಡೆದು ಅದು ಮರಳಿ ಅವನನ್ನು ಸೇರುತ್ತದೆ. ಸಾಲ ತೀರಿಸಿದವನು ಅದೇ ಅಂಗಡಿಯಲ್ಲಿ ಮತ್ತೆ ಲೆಕ್ಕ ಹಚ್ಚಿದಂತೆ. ಅವನಿಗೆ ಕಾಣುವುದು ಮಾತ್ರ ಔಷಧಿ ಫಲಿಸಲಿಲ್ಲವೆಂಬುದು. ಒಡನೆಯೇ ಇನ್ನೊಬ್ಬ ವೈದ್ಯರನ್ನು ಹುಡುಕುತ್ತಾನೆ.

ಇಲ್ಲಿಯೇ ನಮ್ಮ ಸೀಮೆಯ ಒಂದು ಅಭ್ಯಾಸದ ಬಗ್ಗೆ ಹೇಳಬೇಕು. ನಮ್ಮ ನಾಲ್ಕೂ ಊರುಗಳಿಂದ ಬೆಂಗಳೂರು ಐವತ್ತು ಅರವತ್ತು ಕಿಲೋಮೀಟರು. ಊರಿನ ಆಸ್ಪತ್ರೆಯಲ್ಲಿ ಚೀಟಿ ಬರೆಯುವವರು ಸೋದರತ್ತೆಯ ಕಡೆಯವರು, ರಕ್ತ ತೆಗೆಯುವವರು ಪಕ್ಕದ ಬೀದಿಯವರು, ಔಷಧಿ ಅಂಗಡಿಯವರು ಬೀಗರ ಗೆಳೆಯರು. ಹೀಗಾಗಿ ಯಾರೂ ಗುರುತಿಸದ ಬೆಂಗಳೂರಿಗೆ ಬಸ್ಸು ಹತ್ತುವುದು. ಪ್ರತಿ ಸಲವೂ ಬೇರೆ ವೈದ್ಯರಲ್ಲಿಗೆ ಹೋಗಿ ‘ಇದೇ ಮೊದಲ ಸಲ’ ಎನ್ನುವುದು. ಹಿಂದಿನ ಚೀಟಿಯನ್ನು ಮನೆಯವರು ನೋಡಿಯಾರೆಂದು ಹರಿದು ಬಿಸಾಡುವುದು. ಈ ಅಳುಕು ನಮಗೆ ಅರ್ಥವಾಗುತ್ತದೆ. ಆದರೆ ಮೂವರು ವೈದ್ಯರು ಮೂರು ‘ಮೊದಲ ಸಲ’ಗಳನ್ನು ನೋಡಿದರೆ, ಇದು ಮರುಕಳಿಸುವ ಕಾಯಿಲೆಯೆಂದು ತಿಳಿದ ವೈದ್ಯರು ಒಬ್ಬರೂ ಇಲ್ಲದಂತಾಯಿತು. ಬೆಂಗಳೂರಿಗೇ ಹೋಗಲಿ, ಅಡ್ಡಿಯಿಲ್ಲ. ವಿಕ್ಟೋರಿಯಾ ಮತ್ತು ಬೌರಿಂಗ್ ಆಸ್ಪತ್ರೆಗಳಲ್ಲಿ ಚರ್ಮ ಮತ್ತು ಲೈಂಗಿಕ ರೋಗಗಳ ವಿಭಾಗಗಳೇ ಇವೆ. ಆದರೆ ಒಂದೇ ಕಡೆಗೆ ಹೋಗಬೇಕು. ಹಿಂದಿನ ಚೀಟಿಗಳನ್ನೂ ನುಂಗಿದ ಮಾತ್ರೆಗಳ ಹೆಸರನ್ನೂ ಒಯ್ಯಬೇಕು.

ಮಾತ್ರೆಯ ಹೆಸರು ಏಕೆ ಬೇಕೆಂದರೆ, ಒಂದೇ ದಿನದ ಅಜಿತ್ರೊಮೈಸಿನ್ ಗುಳಿಗೆಗೆ ಬಗ್ಗದ ಮೈಕೋಪ್ಲಾಸ್ಮ ಈಗ ಎಷ್ಟೋ ದೇಶಗಳಲ್ಲಿ ಹರಡಿದೆ. ಅದೇ ಗುಳಿಗೆಯನ್ನು ಔಷಧಿ ಅಂಗಡಿಯಲ್ಲಿ ಕೇಳಿ ಪಡೆದು ಮತ್ತೆ ಮತ್ತೆ ನುಂಗಿದರೆ ಸೂಕ್ಷ್ಮಾಣುವಿಗೆ ಗರಡಿಮನೆಯ ತಾಲೀಮು ಕೊಟ್ಟಂತೆ. ಏಳು ದಿನದ ಔಷಧಿಯನ್ನು ಉರಿ ಇಳಿಯಿತೆಂದು ಮೂರನೆಯ ದಿನಕ್ಕೆ ನಿಲ್ಲಿಸುವುದೂ ಇದೇ ಬಗೆಯದು.

ಪರೀಕ್ಷೆಯ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇವೆ. ಬಹಳ ಮಂದಿ ಎಡವುವುದು ಇಲ್ಲಿ. ಸಾಮಾನ್ಯವಾಗಿ ಪ್ರಯೋಗಾಲಯದವರು ಮೊದಲ ಮೂತ್ರವನ್ನು ಬಿಟ್ಟು ನಡುವಿನದನ್ನು ಹಿಡಿದು ಕೊಡಲು ಹೇಳುತ್ತಾರೆ. ಮೂತ್ರಕೋಶದ ಸೋಂಕನ್ನು ಪತ್ತೆಹಚ್ಚಲು ಅದೇ ಸರಿ. ಆದರೆ ಮೂತ್ರನಾಳದ ಉರಿಯೂತದಲ್ಲಿ ಬೇಕಾದದ್ದು ಆ ಮೊದಲ ಮೂತ್ರವೇ. ನಾಳವನ್ನು ತೊಳೆದುಕೊಂಡು ಬರುವುದು ಅದು. ಕಡೆಯ ಪಕ್ಷ ಒಂದೆರಡು ಗಂಟೆ ಮೂತ್ರ ಮಾಡದೆ ಇದ್ದು ಅದನ್ನು ಕೊಡಬೇಕು. ಇನ್ನೊಂದು ತೊಡಕು: ಮೂತ್ರದ ಸಾಮಾನ್ಯ ಕಲ್ಚರಿನಲ್ಲಿ ಕ್ಲಮೀಡಿಯವಾಗಲಿ ಮೈಕೋಪ್ಲಾಸ್ಮವಾಗಲಿ ಬೆಳೆಯುವುದಿಲ್ಲ. ‘ಪಸ್ ಸೆಲ್ ಇವೆ, ಕಲ್ಚರಿನಲ್ಲಿ ಏನೂ ಇಲ್ಲ’ ಎಂಬ ಚೀಟಿ ಹಿಡಿದು ಸೋಂಕೇ ಇಲ್ಲವೆಂದು ಸಮಾಧಾನಪಟ್ಟುಕೊಂಡು ಬರುವವರು ಎಷ್ಟೋ. ಇಂತಹ ಚೀಟಿ ಬಂದಾಗ ವೈದ್ಯರು ಮೂತ್ರಾಂಗದ ಕ್ಷಯವನ್ನೂ ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತಾರೆ. ಕ್ಲಮೀಡಿಯ, ಮೈಕೋಪ್ಲಾಸ್ಮಗಳನ್ನು ಹಿಡಿಯಲು ಕೊರೊನಾ ಕಾಲದಲ್ಲಿ ಮನೆಮನೆಗೂ ಪರಿಚಯವಾದ ಪಿಸಿಆರ್ ಬಗೆಯ ಪರೀಕ್ಷೆ ಬೇಕು. ಅದು ಎಲ್ಲೆಡೆ ಇಲ್ಲ, ಹಣವೂ ಹೆಚ್ಚು. ಅದು ಇಲ್ಲದಲ್ಲಿ ಸ್ರಾವವನ್ನು ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಿಯೋ, ಲಕ್ಷಣಗಳನ್ನು ಆಧರಿಸಿಯೋ ಚಿಕಿತ್ಸೆ ಮಾಡುವುದುಂಟು. ಸರ್ಕಾರಿ ಆಸ್ಪತ್ರೆಗಳಲ್ಲಿ ರೋಗಲಕ್ಷಣಕ್ಕೆ ತಕ್ಕಂತೆ ಬಣ್ಣಬಣ್ಣದ ಔಷಧಿ ಪೊಟ್ಟಣಗಳನ್ನು ಕೊಡುವ ಪದ್ಧತಿ ಇದೇ ಲೆಕ್ಕದ ಮೇಲೆ ಬಂದದ್ದು. ಪುಕ್ಕಟೆ ಸಿಗುವ ಪೊಟ್ಟಣವೆಂದು ಅದನ್ನು ಹೀಗಳೆಯುವುದು ಬೇಡ.

ಸೋಂಕಿಲ್ಲದೆಯೂ ಉರಿ ಉಳಿಯುವುದುಂಟು. ಸೋಂಕು ವಾಸಿಯಾದ ಮೇಲೂ ನಂಬಿಕೆ ಬಾರದೆ ದಿನಕ್ಕೆ ಹತ್ತು ಸಲ ಹಿಂಡಿ ನೋಡುವುದು, ಡೆಟಾಲ್ ಹಾಕಿ ತೊಳೆಯುವುದು — ಈ ಎರಡರಿಂದಲೇ ನಾಳ ಕೆರಳಿ ಉರಿಯೂತ ಮುಂದುವರಿದವರು ಇದ್ದಾರೆ. ಸಕ್ಕರೆ ಕಾಯಿಲೆ, ಕಲ್ಲು, ನಡುವಯಸ್ಸು ದಾಟಿದವರಲ್ಲಿ ಪ್ರಾಸ್ಟೇಟ್ ಗ್ರಂಥಿ, ಇವನ್ನೂ ನೋಡಿಸಬೇಕು.

ಹೆಂಗಸರ ಉರಿಮೂತ್ರದ ಮಾತು ಬೇರೆ. ಅದನ್ನು ಗಂಡಸರ ಕಾಯಿಲೆಯೊಂದಿಗೆ ಒಂದೇ ತಕ್ಕಡಿಯಲ್ಲಿ ತೂಗಬಾರದು. ಹೆಣ್ಣಿನ ಮೂತ್ರನಾಳ ಗಿಡ್ಡ. ಕರುಳಿನಲ್ಲಿಯೇ ಇರುವ ಸೂಕ್ಷ್ಮಾಣುಗಳು ಸುಲಭವಾಗಿ ಮೂತ್ರಕೋಶ ಸೇರುತ್ತವೆ. ಮದುವೆಯಾದ ಹೊಸತರಲ್ಲಿ, ಬಸುರಿನಲ್ಲಿ, ಮುಟ್ಟು ನಿಂತ ಮೇಲೆ ಇದು ಹೆಚ್ಚು. ಕೆಲಸದ ಕಡೆ ಶೌಚಾಲಯವಿಲ್ಲದೆ ಬೆಳಿಗ್ಗೆಯಿಂದ ಸಂಜೆವರೆಗೆ ತಡೆದುಕೊಳ್ಳುವವರನ್ನೂ, ತಡೆಯಬೇಕಾದೀತೆಂದು ನೀರನ್ನೇ ಕುಡಿಯದವರನ್ನೂ ಇದು ಕಾಡುತ್ತದೆ. ಇದರಲ್ಲಿ ಯಾರ ನಡತೆಯ ಪ್ರಶ್ನೆಯೂ ಇಲ್ಲ. ಸೊಸೆಗೆ ಮೂರು ಸಲ ಉರಿಮೂತ್ರ ಬಂತೆಂದು ಅತ್ತೆ ಹುಬ್ಬು ಗಂಟಿಕ್ಕುವ ಮೊದಲು ಮನೆಯ ಬಚ್ಚಲು ಹೇಗಿದೆ, ಸೊಸೆಗೆ ಎಷ್ಟು ಹೊತ್ತಿಗೆ ಬಿಡುವು ಸಿಗುತ್ತದೆ ಎಂದು ನೋಡುವುದು ಲೇಸು. ಅದೇ ಹೆಣ್ಣುಮಗಳಿಗೆ ಕಿಬ್ಬೊಟ್ಟೆ ನೋವು, ವಾಸನೆಯ ಬಿಳಿಸೆರಗು, ನಡುನಡುವೆ ರಕ್ತ ಕಾಣುವುದು ಇದ್ದರೆ, ಅಥವಾ ಗಂಡನಿಗೆ ಮೂತ್ರನಾಳದ ಸೋಂಕು ಎಂದು ತಿಳಿದಿದ್ದರೆ, ಸ್ತ್ರೀರೋಗ ತಜ್ಞರ ಪರೀಕ್ಷೆ ಅಗತ್ಯ. ಚಿಕಿತ್ಸೆಯಿಲ್ಲದೆ ಉಳಿದ ಕ್ಲಮೀಡಿಯ, ಗೊನೋರಿಯಗಳು ಗರ್ಭನಾಳವನ್ನು ಮುಚ್ಚಿಬಿಡಬಲ್ಲವು; ಗರ್ಭಕೋಶದ ಹೊರಗೆ ಬಸುರು ನಿಲ್ಲುವ ಅಪಾಯವೂ ಇದೆ; ಹೆರಿಗೆಯಲ್ಲಿ ಕೂಸಿನ ಕಣ್ಣಿಗೆ ಸೋಂಕು ತಗಲಬಹುದು. ಗಂಡ ಗುಟ್ಟಾಗಿ ಮೂರು ಸಲ ವಾಸಿಮಾಡಿಕೊಂಡು ಬಂದ ಮನೆಯಲ್ಲಿ, ಮಕ್ಕಳಾಗಲಿಲ್ಲವೆಂಬ ಮಾತು ಕೇಳುವವಳು ಹೆಂಡತಿ. ಹರಕೆ ಹೊರುವವಳೂ ಅವಳೇ. ಇದು ನಮಗೆ ಸಹಿಸಲಾಗದ ಅನ್ಯಾಯವಾಗಿ ತೋರುತ್ತದೆ.

ಈಗ ಓಲೆಯ ಕಷ್ಟದ ಪ್ರಶ್ನೆಗೆ ಬರೋಣ. ಯಾರಿಂದ ಯಾರಿಗೆ ಬಂತು?

ಇದಕ್ಕೆ ಉತ್ತರ ಹೇಳುವ ಪರೀಕ್ಷೆ ಯಾವ ಆಸ್ಪತ್ರೆಯಲ್ಲಿಯೂ ಇಲ್ಲ. ಸೋಂಕು ಇದೆ ಅಥವಾ ಇಲ್ಲ ಎಂದಷ್ಟೇ ಚೀಟಿ ಹೇಳುತ್ತದೆ. ಯಾವಾಗ ಬಂತು, ಇಬ್ಬರಲ್ಲಿ ಯಾರಲ್ಲಿ ಮೊದಲಿತ್ತು ಎಂದು ಹೇಳುವುದಿಲ್ಲ. ಕ್ಲಮೀಡಿಯ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಕ್ಕೂ ಮೀರಿ ಸದ್ದಿಲ್ಲದೆ ಇರಬಲ್ಲದು. ಮದುವೆಗೆ ಮೊದಲಿನದೂ ಆಗಿರಬಹುದು. ಮೊದಲು ಉರಿ ಕಂಡದ್ದು ಗಂಡನಿಗೆ ಎಂದಮಾತ್ರಕ್ಕೆ ಹೆಂಡತಿಯಿಂದ ಬಂತೆಂದು ಆಗುವುದಿಲ್ಲ. ಗಂಡಸರಲ್ಲಿ ಲಕ್ಷಣ ಬೇಗ ತೋರುತ್ತದೆ, ಅಷ್ಟೆ. ಚೀಟಿಯನ್ನು ಹಿಡಿದು ನ್ಯಾಯ ತೀರ್ಮಾನ ಮಾಡಲು ಕೂತ ಮನೆಗಳಲ್ಲಿ ಕಾಯಿಲೆ ಏಳು ದಿನಕ್ಕೆ ಹೋದರೂ ಮುನಿಸು ಹೋಗುವುದಿಲ್ಲ.

ಆದರೆ ಈ ಮಾತನ್ನು ಯಾರೂ ತಮ್ಮ ರಕ್ಷಣೆಗೆ ಬಳಸಿಕೊಳ್ಳಬಾರದು. ಹೊರಗಿನ ಸಂಬಂಧವೊಂದು ಇತ್ತೆಂದು ಸ್ವತಃ ತಿಳಿದಿರುವವರು, ‘ಬಹಳ ಹಿಂದಿನದಿರಬಹುದು’ ಎಂಬ ವೈದ್ಯರ ಮಾತಿನ ಮರೆಯಲ್ಲಿ ನಿಲ್ಲುವುದು ಸಲ್ಲದು. ಎಲ್ಲವನ್ನೂ ಒಂದೇ ದಿನ ಹೇಳಿಕೊಳ್ಳಬೇಕೆಂದು ನಾವು ಒತ್ತಾಯಿಸುವುದಿಲ್ಲ. ಅದು ಅವರವರ ಅಂತಃಸಾಕ್ಷಿಗೆ ಬಿಟ್ಟದ್ದು. ‘ನನಗೆ ಸೋಂಕು ಇದೆ, ನಿನಗೂ ಇರಬಹುದು, ಇಬ್ಬರೂ ಔಷಧಿ ತೆಗೆದುಕೊಳ್ಳಬೇಕು’ ಎಂಬ ಮೂರು ಮಾತುಗಳನ್ನು ಮಾತ್ರ ಮುಂದಕ್ಕೆ ಹಾಕುವಂತಿಲ್ಲ. ಹೆಂಡತಿಗೆ ತಿಳಿಸದೆ ಅವಳ ಕಾಫಿಯಲ್ಲಿ ಗುಳಿಗೆ ಬೆರೆಸುವ ಜಾಣತನವನ್ನು ಯಾರೂ ಮಾಡಬಾರದು. ಬಸುರಿಯರಿಗೆ ಕೊಡಬಾರದ ಔಷಧಿಗಳಿವೆ, ಒಗ್ಗದ ಔಷಧಿಗಳಿವೆ. ತಾವೇ ಹೇಳಲು ನಾಲಗೆ ಏಳದಿದ್ದರೆ ವೈದ್ಯರ ಮುಂದೆ ಇಬ್ಬರೂ ಕೂತು ಅವರಿಂದ ಹೇಳಿಸಬಹುದು. ಹೇಳಿದರೆ ಗಂಡ ಕೈಮಾಡಿಯಾನೆಂಬ ಭಯವಿರುವ ಹೆಣ್ಣುಮಗಳು ಮೊದಲು ಒಬ್ಬಳೇ ಆಪ್ತ ಸಮಾಲೋಚಕರನ್ನು ಕಾಣಲಿ.

ಹಿರಿಯರಿಗೆ ಒಂದು ಮಾತು. ಎರಡೂ ಕಡೆಯವರು ಸೇರಿ ಪಂಚಾಯಿತಿ ಮಾಡುವ ವಿಷಯ ಇದಲ್ಲ. 1955ರ ಹಿಂದೂ ವಿವಾಹ ಕಾಯಿದೆ ತನ್ನ ಎರಡನೆಯ ಕಲಮಿನಲ್ಲಿ ವೀರಶೈವರನ್ನೂ ಲಿಂಗಾಯತರನ್ನೂ ಹೆಸರಿಸಿಯೇ ಒಳಗೊಂಡಿದೆ. ಅದರ ಹದಿಮೂರನೆಯ ಕಲಮಿನಂತೆ ಹರಡುವ ಸ್ಥಿತಿಯಲ್ಲಿರುವ ಲೈಂಗಿಕ ರೋಗ ವಿಚ್ಛೇದನಕ್ಕೆ ಒಂದು ಕಾರಣ. ಮೊದಲು ರೋಗ ಮೂರು ವರ್ಷದಿಂದ ಇರಬೇಕೆಂಬ ನಿಯಮವಿತ್ತು. 1976ರ ತಿದ್ದುಪಡಿಯಲ್ಲಿ ಅದು ಹೋಯಿತು. ಇದೇ ಕಲಮಿನಲ್ಲಿದ್ದ ಕುಷ್ಠರೋಗವನ್ನು, ಅದು ವಾಸಿಯಾಗುವ ಕಾಯಿಲೆಯೆಂಬ ಕಾರಣಕ್ಕೆ, 2019ರಲ್ಲಿ ತೆಗೆದುಹಾಕಿದರು. ಲೈಂಗಿಕ ರೋಗ ಹಾಗೆಯೇ ಉಳಿದಿದೆ. ಕಲಮನ್ನು ಬಲ್ಲ ಬಂಧುಗಳು ಅದನ್ನು ಎತ್ತಿ ಬೆದರಿಸುವುದುಂಟು. ಇಬ್ಬರೂ ಔಷಧಿ ತೆಗೆದುಕೊಂಡರೆ ಒಂದೆರಡು ವಾರದಲ್ಲಿ ವಾಸಿಯಾಗಿ ಹರಡುವ ಸ್ಥಿತಿಯೇ ಇಲ್ಲವಾಗುವ ಸೋಂಕಿಗೆ ಸಂಸಾರವನ್ನೇ ಒಡೆಯಲು ಹೊರಡುವುದು ನೆಗಡಿಯಾಯಿತೆಂದು ಮೂಗು ಕೊಯ್ದಂತೆ.

ಬಸ್ ನಿಲ್ದಾಣದ ಗೋಡೆಗಳಲ್ಲಿ ‘ಗುಪ್ತರೋಗಗಳಿಗೆ ಖಚಿತ ಪರಿಹಾರ’ ಎಂಬ ಜಾಹೀರಾತು ನೋಡಿ ಹೋಗುವವರಿಗೆ ತಿಳಿದಿರಲಿ: ಲೈಂಗಿಕ ರೋಗಗಳನ್ನು ವಾಸಿಮಾಡುತ್ತೇವೆಂದು ಸಾರ್ವಜನಿಕವಾಗಿ ಔಷಧಿಯ ಜಾಹೀರಾತು ಕೊಡುವುದನ್ನು 1954ರ ಔಷಧಿ ಮತ್ತು ಮಾಂತ್ರಿಕ ಪರಿಹಾರಗಳ ಕಾಯಿದೆಯೇ ನಿಷೇಧಿಸಿದೆ. ಮೂತ್ರದಲ್ಲಿ ಬಿಳುಪು ಕಂಡೊಡನೆ ‘ಧಾತು ಹೋಗುತ್ತಿದೆ’ ಎಂದು ಹೆದರಿಸಿ ಹಣ ಕೀಳುವವರು ಇವರಲ್ಲಿ ಬಹಳ. ಅನೇಕ ವೇಳೆ ಅದು ಮೂತ್ರದ ಲವಣ ಮಾತ್ರ. ಈ ಭಯದ ಬಗ್ಗೆ ಮನೋವೈದ್ಯ ಡಾ. ಎನ್. ಎನ್. ವಿಗ್ 1960ರಲ್ಲಿಯೇ ಬರೆದಿದ್ದಾರೆ.

ಎಲ್ಲಿಗೆ ಹೋಗಬೇಕು? ರಾಮನಗರದಲ್ಲಿ ಜಿಲ್ಲಾ ಆಸ್ಪತ್ರೆಯಿದೆ; ಜಿಲ್ಲೆಯ ಹೆಸರು 2025ರಲ್ಲಿ ಬೆಂಗಳೂರು ದಕ್ಷಿಣವೆಂದಾದರೂ ಆಸ್ಪತ್ರೆ ಇದ್ದಲ್ಲಿಯೇ ಇದೆ. ಚನ್ನಪಟ್ಟಣ, ಕನಕಪುರ, ಮಾಗಡಿಗಳಲ್ಲಿ ತಾಲ್ಲೂಕು ಆಸ್ಪತ್ರೆಗಳಿವೆ. ಜಿಲ್ಲಾ ಮಟ್ಟದ ಆಸ್ಪತ್ರೆಗಳಲ್ಲಿ ಈ ಕಾಯಿಲೆಗಳಿಗೆಂದೇ ‘ಸುರಕ್ಷಾ ಕ್ಲಿನಿಕ್’ ಎಂಬ ಹೆಸರಿನಲ್ಲಿ ಪ್ರತ್ಯೇಕ ವ್ಯವಸ್ಥೆ ಮಾಡಲಾಗಿದೆ. ‘ಐಸಿಟಿಸಿ’ ಎಂಬ ಫಲಕವಿರುವ ಕೊಠಡಿಯಲ್ಲಿ ಆಪ್ತ ಸಮಾಲೋಚನೆಯೂ ರಕ್ತಪರೀಕ್ಷೆಯೂ ಪುಕ್ಕಟೆ. ಇಂಥ ಸೋಂಕು ಇದ್ದವರು ಎಚ್‌ಐವಿ ಮತ್ತು ಸಿಫಿಲಿಸ್ ಪರೀಕ್ಷೆಯನ್ನೂ ಮಾಡಿಸಿಕೊಳ್ಳುವುದು ಒಳ್ಳೆಯದು, ಏಕೆಂದರೆ ಉರಿಯೂತವಿರುವ ದೇಹಕ್ಕೆ ಎಚ್‌ಐವಿ ಸುಲಭವಾಗಿ ಹೊಗುತ್ತದೆ. ಒಪ್ಪಿಗೆಯಿಲ್ಲದೆ ಎಚ್‌ಐವಿ ಪರೀಕ್ಷೆ ಮಾಡಬಾರದು, ಫಲಿತಾಂಶವನ್ನು ಬಯಲು ಮಾಡಬಾರದು ಎಂದು 2017ರ ಕಾಯಿದೆ ವಿಧಿಸಿದೆ. ಮುಖ ತೋರಿಸಲು ಅಳುಕಿದ್ದರೆ 1097ಕ್ಕೆ ಫೋನು ಮಾಡಿ ಹೆಸರು ಹೇಳದೆಯೇ ವಿಚಾರಿಸಬಹುದು.

ಔಷಧಿ ಆರಂಭಿಸಿದ ಮೇಲೆ, ಒಂದೇ ದಿನದ ಗುಳಿಗೆಯಾದರೆ ಏಳು ದಿನ, ಏಳು ದಿನದ ಔಷಧಿಯಾದರೆ ಅದು ಮುಗಿಯುವವರೆಗೆ, ಇಬ್ಬರದೂ ಮುಗಿದು ಲಕ್ಷಣಗಳು ಇಳಿಯುವ ತನಕ ದೇಹಸಂಬಂಧ ಬೇಡ. ಒಬ್ಬರು ಸೋಮವಾರ, ಇನ್ನೊಬ್ಬರು ಮುಂದಿನ ತಿಂಗಳು ತೆಗೆದುಕೊಂಡರೆ ಹಿಂದೆ ಹೇಳಿದ ಲೆಕ್ಕವೇ ಮತ್ತೆ ಶುರುವಾಗುತ್ತದೆ. ಆಮೇಲೂ ಅನುಮಾನವಿದ್ದಷ್ಟು ಕಾಲ ನಿರೋಧ್ ಬಳಸಬಹುದು. ಸರ್ಕಾರಿ ಆಸ್ಪತ್ರೆಗಳಲ್ಲಿ ಅದೂ ಪುಕ್ಕಟೆ. ಸುಮಾರು ಮೂರು ತಿಂಗಳಿಗೆ ಇಬ್ಬರೂ ಮತ್ತೊಮ್ಮೆ ಪರೀಕ್ಷೆ ಮಾಡಿಸಬೇಕು, ಉರಿ ಇರಲಿ ಇಲ್ಲದಿರಲಿ. ಆಗ ಹೋಗುವಾಗ ಹಳೆಯ ಚೀಟಿಗಳೆಲ್ಲ ಒಂದೇ ಚೀಲದಲ್ಲಿರಲಿ.